ಎರಡು ಮಾನಿಟರ್ ಜೋಡಿಸಿದಾಗ ಬರುವ ತೊಂದರೆಗಳು: ದೋಷ ಹಿಡಿಯುವ ಬಗೆ, ಜೋಡಿ ಆರಿಸುವ ಬಗೆ

ಎರಡನೇ ಮಾನಿಟರ್ ತಂದು ಜೋಡಿಸಿದ ಮೇಲೆ ಬರುವ ದೂರುಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಪರದೆ ಬರುವುದೇ ಇಲ್ಲ. ಬಂದರೂ ಆಗಾಗ ಕಪ್ಪಾಗುತ್ತದೆ. ಅಕ್ಷರ ಮಸುಕಾಗಿದೆ. ಒಂದು ಹಳದಿ ಹೊಡೆಯುತ್ತದೆ, ಇನ್ನೊಂದು ನೀಲಿ. ಮೌಸ್ ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಕ್ಷಣ ಬರುವ ಮಾತು, "ಮಾನಿಟರ್ ಹೋಗಿದೆ ಸಾರ್, ಬದಲಾಯಿಸಿ ಕೊಡಿ."

ಚಾಮರಾಜಪೇಟೆಯ ಡಿಟಿಪಿ ಅಂಗಡಿ, ಜಯನಗರದ ಆಡಿಟರ್ ಆಫೀಸು, ಮಾರತ್ತಹಳ್ಳಿಯ ಫ್ಲ್ಯಾಟಿನಲ್ಲಿ ಕೂತು ಕೆಲಸ ಮಾಡುವವರ ಮೇಜು, ಇಂಥ ಕಡೆಯೆಲ್ಲ ನಾನು ನೋಡಿದಂತೆ ಮಾನಿಟರೇ ಕೆಟ್ಟಿರುವುದು ಅಪರೂಪ. ಕೇಬಲ್, ಪೋರ್ಟ್, ಸೆಟ್ಟಿಂಗ್ ಕಾರಣವಾಗಿರುತ್ತವೆ. ಅವೂ ಅಲ್ಲದಿದ್ದರೆ ಜೋಡಿಯೇ ಒಂದಕ್ಕೊಂದು ಹೊಂದಿರುವುದಿಲ್ಲ. ಹೊಂದದ ಜೋಡಿಯನ್ನು ರಿಪೇರಿ ಮಾಡಿಸಲು ಆಗುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು, ಇದು ದೋಷವೋ ಅಥವಾ ಹೊಂದಾಣಿಕೆಯ ಸಮಸ್ಯೆಯೋ ಎಂದು.

ಏನನ್ನೂ ಬಿಚ್ಚುವ ಮುಂಚೆ

ಮಾನಿಟರ್‌ನ ಕೆಳಗೋ ಹಿಂದೆಯೋ ಇರುವ ಬಟನ್ ಒತ್ತಿ ಅದರ ಸ್ವಂತ ಮೆನು ತೆರೆಯಿರಿ. ಬ್ರೈಟ್‌ನೆಸ್, ಇನ್‌ಪುಟ್ ಎಲ್ಲ ಇರುವ ಆ ಚೌಕವನ್ನು ಬರೆಯುವುದು ಮಾನಿಟರೇ, ಕಂಪ್ಯೂಟರ್ ಅಲ್ಲ. ಹಿಂದಿನ ಚಿತ್ರ ಮಿನುಗುತ್ತಿದ್ದು ಮೆನು ಮಾತ್ರ ಸ್ಥಿರವಾಗಿ ನಿಂತಿದ್ದರೆ ಪ್ಯಾನೆಲ್ ಚೆನ್ನಾಗಿದೆ, ತೊಂದರೆ ಸಿಗ್ನಲ್ ಬರುವ ದಾರಿಯಲ್ಲಿದೆ. ಮೆನುವಿನ ಮೇಲೂ ಗೆರೆ ಬಿದ್ದರೆ, ಮೆನುವೂ ಮಿನುಗಿದರೆ, ಆಗ ಮಾನಿಟರನ್ನೇ ಅನುಮಾನಿಸಬೇಕು. ಹತ್ತು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಮಾನಿಟರ್ ಹೊತ್ತುಕೊಂಡು ಹೋಗಬೇಡಿ.

ಪರದೆಯಲ್ಲಿ ಗೆರೆಯೋ ಚುಕ್ಕೆಯೋ ಕಂಡರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಮಾನಿಟರ್‌ನಲ್ಲಿ ನೋಡಿ. ಗೆರೆ ಸ್ಕ್ರೀನ್‌ಶಾಟ್‌ನಲ್ಲೂ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಡ್ರೈವರ್ ಕಡೆ ನೋಡಿ. ಅದರಲ್ಲಿ ಇಲ್ಲವಾದರೆ ಕಂಪ್ಯೂಟರ್ ಸರಿಯಾದ ಚಿತ್ರವನ್ನೇ ತಯಾರು ಮಾಡಿದೆ, ಹೊರಗೆ ಬಂದ ಮೇಲೆ ಎಲ್ಲೋ ಹಾಳಾಗಿದೆ.

ಪರದೆ ಪೂರ್ತಿ ಕಪ್ಪು, ಆದರೆ ಪವರ್ ದೀಪ ಉರಿಯುತ್ತಿದೆ ಅಂತಾದರೆ ಕೋಣೆಯ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ತೆರೆದ ಕಿಟಕಿಗಳು (ವಿಂಡೋಗಳು), ಐಕಾನ್‌ಗಳು ಮಂಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ಇದು ನಿಜವಾದ ರಿಪೇರಿ ಕೇಸ್.

ಎರಡನೇ ಪರದೆ ಬರುವುದೇ ಇಲ್ಲ

ಮೊದಲು ಮಾನಿಟರ್ ಮೆನುವಿನಲ್ಲಿ ಇನ್‌ಪುಟ್ ನೋಡಿ, ಅಂದರೆ ಅದು ಯಾವ ಕಿಂಡಿಯಿಂದ ಚಿತ್ರ ತೆಗೆದುಕೊಳ್ಳುತ್ತಿದೆ ಎಂದು. ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ ಎರಡು ಬೇರೆ ಬಗೆಯ ಕಿಂಡಿಗಳು. ಕೇಬಲ್ ಡಿಸ್‌ಪ್ಲೇಪೋರ್ಟ್‌ನಲ್ಲಿದ್ದು ಮಾನಿಟರ್ ಎಚ್‌ಡಿಎಂಐ ಹುಡುಕುತ್ತಾ ಕೂತಿರುವುದು ತೀರಾ ಸಾಮಾನ್ಯ. ಆಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ಅಲ್ಲಿ 'ಎಕ್ಸ್‌ಟೆಂಡ್' ಆರಿಸಿ. ಯಾರೋ ಪ್ರೊಜೆಕ್ಟರ್‌ಗೆ ಹಾಕಲು ಹೋಗಿ 'ಪಿಸಿ ಸ್ಕ್ರೀನ್ ಓನ್ಲಿ' ಮಾಡಿಟ್ಟಿರುತ್ತಾರೆ. ಅದೂ ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರರ ಜೊತೆ ಬಿ ಒತ್ತಿ. ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಕೆಲಸ ಏನೂ ಮುಚ್ಚಿಹೋಗುವುದಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ತೊಂದರೆಯಾದರೆ ಮಾನಿಟರ್‌ನ ಪವರ್ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು ಒಂದೆರಡು ನಿಮಿಷ ಬಿಡಿ. ಸುಮ್ನೆ ಬಟನ್ ಒತ್ತಿ ಆಫ್ ಮಾಡಿದರೆ ಸಾಲದು, ಆಗಲೂ ಒಳಗಿನ ಸರ್ಕ್ಯೂಟ್ ಎಚ್ಚರವಾಗಿಯೇ ಇರುತ್ತದೆ.

ಡೆಸ್ಕ್‌ಟಾಪ್ ಆದರೆ ಸಿಪಿಯು ಡಬ್ಬದ ಹಿಂಭಾಗ ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಒಂದು ಕೇಬಲ್ ಕಾರ್ಡಿಗೆ, ಇನ್ನೊಂದು ಮೇಲೆ ಯುಎಸ್‌ಬಿ ಕಿಂಡಿಗಳ ಸಾಲಿನಲ್ಲಿರುವ ಮದರ್‌ಬೋರ್ಡ್ ಪೋರ್ಟಿಗೆ ಹಾಕಿರುತ್ತಾರೆ. ಕಾರ್ಡ್ ಕೂರಿಸಿದ ಕೂಡಲೇ ಎಷ್ಟೋ ಮದರ್‌ಬೋರ್ಡ್‌ಗಳು ತಮ್ಮ ಪೋರ್ಟನ್ನು ತಾವೇ ಮುಚ್ಚಿಬಿಡುತ್ತವೆ. ಎರಡೂ ಕೇಬಲನ್ನು ಕಾರ್ಡಿಗೇ ಹಾಕಿ. ಕಾರ್ಡಿನಲ್ಲಿ ಜಾಗ ಇಲ್ಲದಿದ್ದರೆ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಒಳಗೆ ಪ್ರೊಸೆಸರ್‌ನದೇ ಒಳ ಗ್ರಾಫಿಕ್ಸ್ ಮತ್ತು ಮಲ್ಟಿ ಮಾನಿಟರ್‌ಗೆ ಸಂಬಂಧಿಸಿದ ಆಯ್ಕೆ ಹುಡುಕಿ ಆನ್ ಮಾಡಬೇಕು. ಆದರೆ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 12400ಎಫ್ ಥರ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸೇ ಇರುವುದಿಲ್ಲ. ಎಎಂಡಿ ರೈಜೆನ್ 5600 ಕೂಡ ಹಾಗೆಯೇ, 5600ಜಿ ಆದರೆ ಇದೆ. ಒಳ ಗ್ರಾಫಿಕ್ಸ್ ಇಲ್ಲದಿದ್ದರೆ ಮದರ್‌ಬೋರ್ಡಿನ ಆ ಪೋರ್ಟ್ ಬರೀ ಅಲಂಕಾರಕ್ಕೆ.

ಇಷ್ಟಾದರೂ ಬರದಿದ್ದರೆ ಅದಲು ಬದಲು ಮಾಡಿ ನೋಡುವ ಸಮಯ. ಕಂಪ್ಯೂಟರ್ ಕಡೆಯ ಪೋರ್ಟ್, ಕೇಬಲ್, ಮಾನಿಟರ್, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಚೆನ್ನಾಗಿರುವ ಮಾನಿಟರ್‌ನ ಕೇಬಲನ್ನೇ ಕೆಟ್ಟದ್ದು ಅನ್ನುವ ಮಾನಿಟರ್‌ಗೆ ಹಾಕಿ. ಬಂತಾ? ಹಾಗಾದರೆ ಮಾನಿಟರ್ ನಿರಪರಾಧಿ. ಈಗ ಹಳೆಯ ಕೇಬಲನ್ನು ಚೆನ್ನಾಗಿರುವ ಪೋರ್ಟಿಗೆ ಹಾಕಿ. ಬರಲಿಲ್ಲವಾದರೆ ಕೇಬಲ್ ಹೋಗಿದೆ, ಬಂದರೆ ಪೋರ್ಟ್ ಮೇಲೆ ಅನುಮಾನ. ಒಟ್ಟಿಗೆ ಎಲ್ಲ ಕಿತ್ತು ಎಲ್ಲ ಹಾಕಿದರೆ ಸರಿ ಹೋದರೂ ಯಾಕೆ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಮತ್ತೆ ಅದೇ ಗೋಳು.

ವಿಂಡೋಸ್ ಮೇಲೆ ಅನುಮಾನವಿದ್ದರೆ ತೊಂದರೆಯ ಮಾನಿಟರ್ ಒಂದನ್ನೇ ಹಾಕಿ ಕಂಪ್ಯೂಟರ್ ಆನ್ ಮಾಡಿ. ಶುರುವಿನಲ್ಲಿ ಕಂಪನಿಯ ಲೋಗೋ ಕಾಣಿಸಿ, ವಿಂಡೋಸ್ ಬಂದ ಮೇಲೆ ಕಪ್ಪಾದರೆ ವಸ್ತುಗಳೆಲ್ಲ ಸರಿ ಇವೆ, ಡ್ರೈವರ್ ಅಥವಾ ಸೆಟ್ಟಿಂಗ್ ನೋಡಿ.

ಕನ್ವರ್ಟರ್ ಮತ್ತು ಯುಎಸ್‌ಬಿ-ಸಿ ತರಲೆ

ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒಂದೇ ದಿಕ್ಕಿನದು. ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರ್‌ಗೆ, ಎಚ್‌ಡಿಎಂಐ ತುದಿ ಮಾನಿಟರ್‌ಗೆ. ತಿರುಗಿಸಿ ಹಾಕಿದರೆ ಕೂರುತ್ತದೆ, ಆದರೆ ಚಿತ್ರ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದು ಮಾನಿಟರ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇದ್ದರೆ ಯುಎಸ್‌ಬಿಯಿಂದ ಪವರ್ ತೆಗೆದುಕೊಳ್ಳುವ ಆಕ್ಟಿವ್ ಕನ್ವರ್ಟರ್ ಬೇಕು. ಆಫೀಸುಗಳಿಂದ ವಾಪಸ್ ಬಂದ ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಳ್ಳುವವರು ಇಲ್ಲಿ ಹುಷಾರಾಗಿರಬೇಕು. ಅವುಗಳಲ್ಲಿ ಎಷ್ಟೋ ಡಿಸ್‌ಪ್ಲೇಪೋರ್ಟ್ ಮತ್ತು ಹಳೆಯ ಅನಲಾಗ್ ಕಿಂಡಿಯಾದ ವಿಜಿಎ ಮಾತ್ರ ಇರುವಂಥವು.

ಯುಎಸ್‌ಬಿ-ಸಿ ಇನ್ನೂ ಗೋಜಲು. ಕಿಂಡಿ ಒಂದೇ ಆಕಾರದ್ದಾದರೂ ಎಲ್ಲದರಲ್ಲೂ ಚಿತ್ರ ಹೊರಗೆ ಬರುವುದಿಲ್ಲ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್‌ನ ಗುರುತು ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದೆಯಾ ನೋಡಿ. ಗುರುತಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರ ಪಟ್ಟಿ ನೋಡಬೇಕು. ಇನ್ನು ಮೊಬೈಲ್ ಚಾರ್ಜರ್ ಜೊತೆ ಬಂದ ಕೇಬಲ್. ಅದು ಎರಡೂ ಕಡೆ ಸರಿಯಾಗಿ ಕೂರುತ್ತದೆ, ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗುತ್ತದೆ, ಪರದೆ ಮಾತ್ರ ಬರುವುದಿಲ್ಲ. ಅಂಥ ಕೇಬಲ್‌ಗಳಲ್ಲಿ ಚಿತ್ರ ಸಾಗಿಸುವ ತಂತಿಗಳೇ ಇರುವುದಿಲ್ಲ.

ಕೆಲಸದ ಕಡೆಯಿಂದ ಮ್ಯಾಕ್‌ಬುಕ್ ಸಿಕ್ಕವರಿಗೆ ಪ್ರತ್ಯೇಕವಾಗಿ ಹೇಳಬೇಕು. ಎಂ1 ಮತ್ತು ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದು ಮಾನಿಟರನ್ನು ಮಾತ್ರ ನಡೆಸುತ್ತದೆ. ಎಂ3 ಏರ್ ಎರಡನ್ನು ನಡೆಸುತ್ತದೆ, ಆದರೆ ಲ್ಯಾಪ್‌ಟಾಪ್ ಮುಚ್ಚಿರಬೇಕು. ಎಂ4 ಏರ್‌ನಲ್ಲಿ ಆ ಕಟ್ಟು ಹೋಯಿತು. ಎರಡು ಎಚ್‌ಡಿಎಂಐ ಇರುವ ಹಬ್ (ಒಂದು ಯುಎಸ್‌ಬಿ-ಸಿ ಕಿಂಡಿಯನ್ನು ಹಲವಾಗಿ ಮಾಡುವ ಡಬ್ಬಿ) ತಂದು ಹಾಕಿದರೆ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎರಡು ಬೇರೆ ಪರದೆ ಬರುತ್ತದೆ, ಅದೇ ಹಬ್ಬನ್ನು ಮ್ಯಾಕ್‌ಗೆ ಹಾಕಿದರೆ ಎರಡು ಮಾನಿಟರ್‌ನಲ್ಲೂ ಒಂದೇ ಚಿತ್ರ. ಹಬ್ ಕೆಟ್ಟಿಲ್ಲ. ಒಂದು ಡಿಸ್‌ಪ್ಲೇಪೋರ್ಟ್ ದಾರಿಯನ್ನು ಎರಡಾಗಿ ಸೀಳುವ ಎಂಎಸ್‌ಟಿ ಎಂಬ ವಿಧಾನದಲ್ಲಿ ಎರಡು ಬೇರೆ ಪರದೆ ಕೊಡುವುದನ್ನು ಮ್ಯಾಕ್ಓಎಸ್ ಬೆಂಬಲಿಸುವುದಿಲ್ಲ. ಎಂ1, ಎಂ2 ಏರ್‌ಗೆ ಹೊರಗಿನ ಎರಡನೇ ಮಾನಿಟರ್ ಬೇಕೇ ಬೇಕಾದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ (ದೊಡ್ಡ ಹಬ್) ಬೇಕು. ಅದು ಡ್ರೈವರ್ ಹಾಕಿಕೊಂಡು ಚಿತ್ರವನ್ನು ಯುಎಸ್‌ಬಿ ಮೂಲಕ ಕಳಿಸುತ್ತದೆ. ಕೋಡ್ ಬರೆಯಲು, ಎಕ್ಸೆಲ್ ನೋಡಲು ಪರವಾಗಿಲ್ಲ. ಸಿನಿಮಾ ಆ್ಯಪ್‌ಗಳಲ್ಲಿ ಕಾಪಿ ರಕ್ಷಣೆಯಿಂದ ಪರದೆ ಕಪ್ಪಾಗಬಹುದು, ಅದಕ್ಕೆ ಡಾಕ್ ಬೈದು ಪ್ರಯೋಜನವಿಲ್ಲ.

ಬರುತ್ತದೆ, ಆದರೆ ಆಗಾಗ ಒಂದೆರಡು ಸೆಕೆಂಡು ಕಪ್ಪಾಗುತ್ತದೆ

ಇದರಲ್ಲಿ ಮೊದಲ ಆರೋಪಿ ಕೇಬಲ್. 1080ಪಿ (1920×1080 ಪಿಕ್ಸೆಲ್, ಅಂದರೆ ಚುಕ್ಕೆ) ಪರದೆಗೆ ಚೆನ್ನಾಗಿ ನಡೆಯುತ್ತಿದ್ದ ಹಳೆಯ ಎಚ್‌ಡಿಎಂಐ ಕೇಬಲನ್ನು ಹೊಸ 4ಕೆ (3840×2160) ಮಾನಿಟರ್‌ಗೆ ಹಾಕಿದಾಗ ಹೀಗಾಗುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಮೂರು ಮಹಡಿಗೆ ನೀರು ಹತ್ತಿಸಿದ ಹಾಗೆ, ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಪರೀಕ್ಷೆ ಸುಲಭ. ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ (ಪಿಕ್ಸೆಲ್‌ಗಳ ಲೆಕ್ಕ) ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ) ಒಂದು ಮೆಟ್ಟಿಲು ಇಳಿಸಿ. ಕಪ್ಪಾಗುವುದು ನಿಂತರೆ ಕೇಬಲ್ ಬದಲಿಸಿ. ಡಬ್ಬದ ಮೇಲೆ 'ಪ್ರೀಮಿಯಂ ಹೈ ಸ್ಪೀಡ್' ಅಥವಾ 'ಅಲ್ಟ್ರಾ ಹೈ ಸ್ಪೀಡ್' ಎಂಬ ಸ್ಕ್ಯಾನ್ ಮಾಡಬಹುದಾದ ಲೇಬಲ್ ಇರುವುದನ್ನು ಕೇಳಿ. ಮೊದಲನೆಯದು ಸೆಕೆಂಡಿಗೆ 18 ಗಿಗಾಬಿಟ್, ಎರಡನೆಯದು 48 ಗಿಗಾಬಿಟ್ ಸಾಗಿಸಬಲ್ಲದು. ಚಿನ್ನದ ಲೇಪ, ಹೆಣೆದ ದಾರದ ಹೊದಿಕೆ ಇವೆಲ್ಲ ನೋಡಲು ಚೆಂದ, ಅಷ್ಟೇ. ಎರಡು ಮೀಟರ್ ಸಾಕಾಗುವ ಕಡೆ ಐದು ಮೀಟರ್ ತಂದು ಸುತ್ತಿ ಕಟ್ಟುವುದೂ ಬೇಡ.

ಎರಡನೇ ಆರೋಪಿಯನ್ನು ಹೇಳಿದರೆ ನಗುತ್ತಾರೆ. ಕುರ್ಚಿ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಎದ್ದಾಗ, ಕೂತಾಗ ಸ್ಥಿರ ವಿದ್ಯುತ್ ಸಿಡಿದು, ಅದರ ಅಲೆ ವಿಡಿಯೊ ಕೇಬಲ್‌ಗೆ ತಗುಲಿ ಮಾನಿಟರ್ ಒಂದು ಕ್ಷಣ ಕಪ್ಪಾಗುತ್ತದೆ. ಡಿಸ್‌ಪ್ಲೇಲಿಂಕ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಇದನ್ನು ಬರೆದಿದೆ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಈ ದೂರು ಬಂದರೆ ಮೊದಲು ಎದ್ದು ಕೂತು ನೋಡಿ. ಚೆನ್ನಾಗಿ ಕವಚ ಇರುವ ಕೇಬಲ್, ಅದನ್ನು ಕುರ್ಚಿಯಿಂದ ದೂರ ಹಾಯಿಸುವುದು, ಕೇಬಲ್‌ಗೆ ಫೆರೈಟ್ ಮಣಿ (ಇಂಥ ಅಲೆ ತಡೆಯುವ ಉಂಗುರ) ಹಾಕುವುದು ಸಹಾಯ ಮಾಡುತ್ತವೆ.

ಮೂರನೆಯದು ನಮ್ಮ ಮನೆಗಳ ಅರ್ಥಿಂಗ್. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ಥ್ ತಂತಿ ಎಲ್ಲಿಗೂ ಹೋಗಿರದೆ ಇರಬಹುದು. ಕಂಪ್ಯೂಟರ್ ಡಬ್ಬ ಮುಟ್ಟಿದರೆ, ಎಚ್‌ಡಿಎಂಐ ಕೇಬಲ್‌ನ ಲೋಹದ ತುದಿ ಹಿಡಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಅರ್ಥ್ ಇಲ್ಲ ಎಂದೇ ಅನುಮಾನಿಸಿ. ಪವರ್ ಸಪ್ಲೈ ಒಳಗಿನ ಫಿಲ್ಟರ್‌ನಿಂದ ಸೋರುವ ಅಲ್ಪ ವಿದ್ಯುತ್ ಹೋಗಲು ದಾರಿಯಿಲ್ಲದೆ ಹೊರಕವಚದ ಮೇಲೆ ನಿಂತಿರುತ್ತದೆ. ಆ ಸ್ಥಿತಿಯಲ್ಲಿ ಆನ್ ಇರುವಾಗಲೇ ಕೇಬಲ್ ಹಾಕಿ ತೆಗೆದರೆ ಪೋರ್ಟ್ ಸುಟ್ಟುಹೋಗುವ ಅಪಾಯವಿದೆ. ಎಲೆಕ್ಟ್ರಿಶಿಯನ್ ಕರೆಸಿ ಸರಿಮಾಡಿಸುವವರೆಗೆ ಎರಡೂ ಕಡೆ ಪ್ಲಗ್ ಕಿತ್ತ ಮೇಲೆಯೇ ಕೇಬಲ್ ಮುಟ್ಟಿ. ಕಂಪ್ಯೂಟರ್ ಮತ್ತು ಎರಡೂ ಮಾನಿಟರ್ ಒಂದೇ ಸ್ಪೈಕ್ ಬಸ್ಟರ್‌ನಲ್ಲಿರುವುದು ಒಳ್ಳೆಯದು.

ಕರೆಂಟ್ ಹೋದಾಗ ಒಂದೇ ಮಾನಿಟರ್ ಆರುತ್ತದೆ ಎಂದರೆ ಯುಪಿಎಸ್ ಹಿಂಭಾಗ ನೋಡಿ. ಕೆಲವು ಯುಪಿಎಸ್‌ಗಳಲ್ಲಿ ಎಲ್ಲ ಸಾಕೆಟ್‌ಗೂ ಬ್ಯಾಟರಿ ಇರುವುದಿಲ್ಲ, ಒಂದೆರಡು ಬರೀ ಸರ್ಜ್ ರಕ್ಷಣೆಗೆ. ಎಲ್‌ಇಡಿ ಬೆಳಕಿನ 24 ಇಂಚಿನ ಮಾನಿಟರ್ ಸಾಮಾನ್ಯವಾಗಿ 20ರಿಂದ 25 ವ್ಯಾಟ್ ಎಳೆಯುತ್ತದೆ, ಎರಡನೆಯದನ್ನೂ ಬ್ಯಾಟರಿ ಸಾಕೆಟ್‌ಗೆ ಹಾಕಿದರೆ ದೊಡ್ಡ ಹೊರೆಯೇನಲ್ಲ.

ಇನ್ನೊಂದು ವಿಚಿತ್ರ. ಕಂಪ್ಯೂಟರ್ ಆಫ್ ಮಾಡಿದರೂ ಅದರ ಒಳಗೆ ದೀಪ ಮಿಣುಕುತ್ತಿದ್ದರೆ, ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಕಿತ್ತರೆ ಮಾತ್ರ ಕಂಪ್ಯೂಟರ್ ಬೂಟ್ ಆಗುತ್ತಿದ್ದರೆ, ಅಗ್ಗದ ಕೇಬಲ್‌ನ 20ನೇ ಪಿನ್ ಮೇಲೆ ಅನುಮಾನಪಡಿ. ಆ ಪಿನ್ನನ್ನು ಎರಡು ತುದಿಗೂ ಜೋಡಿಸಬಾರದು. ಜೋಡಿಸಿದರೆ ಮಾನಿಟರ್‌ನ 3.3 ವೋಲ್ಟ್ ಹಿಂದಕ್ಕೆ ಹರಿದು ಕಂಪ್ಯೂಟರ್ ಒಳಗೆ ಸೇರುತ್ತದೆ.

ಮೌಸ್ ತಡವರಿಸುತ್ತದೆ

ಒಂದು ಪರದೆಯಲ್ಲಿ ಮೌಸ್ ನಯವಾಗಿ ಓಡುತ್ತದೆ, ಇನ್ನೊಂದಕ್ಕೆ ಹೋದರೆ ಎಳೆದಂತೆ ಭಾಸ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ ನೋಡಿ. 4ಕೆ ಮಾನಿಟರ್ 30 ಹರ್ಟ್ಜ್‌ನಲ್ಲಿ ಓಡುತ್ತಿರುತ್ತದೆ. ಎಚ್‌ಡಿಎಂಐ 1.4 ಪೋರ್ಟ್‌ನಿಂದ 4ಕೆಗೆ ಅಷ್ಟೇ ಸಿಗುವುದು, 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಅಗ್ಗದ ಯುಎಸ್‌ಬಿ-ಸಿ ಹಬ್‌ಗಳೂ ಇಲ್ಲೇ ಸಿಕ್ಕಿಬೀಳುತ್ತವೆ. ಪೆನ್‌ಡ್ರೈವ್ ವೇಗಕ್ಕೆ ಅರ್ಧ ದಾರಿ ಬಿಟ್ಟುಕೊಟ್ಟು ಚಿತ್ರಕ್ಕೆ ಉಳಿದರ್ಧ ಇಟ್ಟುಕೊಳ್ಳುತ್ತವೆ. ಲ್ಯಾಪ್‌ಟಾಪ್‌ನದೇ ಎಚ್‌ಡಿಎಂಐ ಇದ್ದರೆ ದೊಡ್ಡ ಮಾನಿಟರನ್ನು ಅದಕ್ಕೆ ಹಾಕಿ, ಹಬ್ಬಿಗೆ ಚಿಕ್ಕದನ್ನು ಬಿಡಿ.

ಅಕ್ಷರದ ಗಾತ್ರ ಒಂದೇ ಥರ ಇಲ್ಲ, ಮಸುಕಾಗಿದೆ

ಇಂಚು ಮಾತ್ರ ನೋಡಿ ಕೊಂಡವರು ಎಡವುವುದು ಇಲ್ಲಿ. ನೋಡಬೇಕಾದ್ದು ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂದು. ಟೇಪ್ ಹಿಡಿದು ಪರದೆಯ ಅಗಲವನ್ನು ಇಂಚಿನಲ್ಲಿ ಅಳೆಯಿರಿ, ಅಡ್ಡ ಪಿಕ್ಸೆಲ್‌ಗಳನ್ನು ಅದರಿಂದ ಭಾಗಿಸಿ. 24 ಇಂಚಿನ 1080ಪಿ ಪರದೆಯ ಅಗಲ ಸುಮಾರು 20.9 ಇಂಚು. 1920ನ್ನು ಅದರಿಂದ ಭಾಗಿಸಿದರೆ 92. ಅದೇ 1080ಪಿ 27 ಇಂಚಿನಲ್ಲಿ 82ಕ್ಕೆ ಇಳಿಯುತ್ತದೆ. 27 ಇಂಚಿನ 1440ಪಿ (2560×1440) ಆದರೆ 109, 27 ಇಂಚಿನ 4ಕೆ ಆದರೆ 163. 15.6 ಇಂಚಿನ 1080ಪಿ ಲ್ಯಾಪ್‌ಟಾಪ್ 141.

24ರ ಪಕ್ಕದಲ್ಲಿ 27 ಇಂಚಿನ 1080ಪಿ ಇಟ್ಟರೆ ಕಿಟಕಿಯೊಂದನ್ನು ಎಳೆದಾಗ ಅಕ್ಷರ ಎಂಟನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಜಾಗ ಒಂದು ಪಿಕ್ಸೆಲ್ಲೂ ಜಾಸ್ತಿ ಸಿಗುವುದಿಲ್ಲ. ಕನ್ನಡಕ್ಕೆ ಇದು ಇಂಗ್ಲಿಷ್‌ಗಿಂತ ಜಾಸ್ತಿ ಕಾಟ ಕೊಡುತ್ತದೆ. 'ರಾಷ್ಟ್ರ', 'ಸ್ವಾತಂತ್ರ್ಯ' ಥರದ ಪದಗಳ ಒತ್ತಕ್ಷರಗಳಿಗೆ ಸಿಗುವುದೇ ಬೆರಳೆಣಿಕೆಯ ಪಿಕ್ಸೆಲ್. ಪಿಕ್ಸೆಲ್ ದಪ್ಪಗಾದರೆ ಯಾವ ಒತ್ತು ಅಂತ ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಕರಡು ತಿದ್ದುವವರಿಗೆ 27 ಇಂಚಿನ 1080ಪಿ ಬೇಡ ಎಂದೇ ನಾನು ಹೇಳುತ್ತೇನೆ.

ವಿಂಡೋಸ್‌ನ ಸ್ಕೇಲಿಂಗ್, ಅಂದರೆ ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸುವ ಸೆಟ್ಟಿಂಗ್, ಶೇಕಡಾ 100, 125, 150 ಹೀಗೆ ಕಾಲು ಕಾಲು ಮೆಟ್ಟಿಲಲ್ಲಿ ಏರುತ್ತದೆ. 92 ಮತ್ತು 82ರ ನಡುವಿನ ಸಣ್ಣ ಅಂತರವನ್ನು ಅದು ತುಂಬಲಾರದು. ಕಸ್ಟಮ್ ಅಂಕಿ ಹಾಕಬಹುದು, ಆದರೆ ಅದು ಎಲ್ಲ ಪರದೆಗೂ ಒಟ್ಟಿಗೆ ಅನ್ವಯವಾಗುತ್ತದೆ, ಸಮಸ್ಯೆ ಅಲ್ಲೇ ಉಳಿಯುತ್ತದೆ. ಅಂತರ ದೊಡ್ಡದಿದ್ದರೇ ಮೇಲು. 27 ಇಂಚಿನ 4ಕೆಯನ್ನು 175ಕ್ಕೆ ಇಟ್ಟರೆ 163ನ್ನು 1.75ರಿಂದ ಭಾಗಿಸಿದಂತೆ, ಅಂದರೆ 93. ಪಕ್ಕದ 24 ಇಂಚಿನ 1080ಪಿ 100ರಲ್ಲೇ ಇರಲಿ, ಅಕ್ಷರಗಳು ಸರಿಸಮ. 15.6 ಇಂಚಿನ ಲ್ಯಾಪ್‌ಟಾಪನ್ನು 150ಕ್ಕೆ ಇಟ್ಟರೆ 94. ಇದೂ ಹೊಂದುತ್ತದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಕೆಲಸದ ಜಾಗ 1280×720ಕ್ಕೆ ಕುಗ್ಗುತ್ತದೆ. ಲ್ಯಾಪ್‌ಟಾಪ್ ಪರದೆಯಲ್ಲಿ ಬರೀ ಮೇಲ್, ಚಾಟ್ ಇಡುವವರಿಗೆ ಓಕೆ.

ಅಳತೆ ಒಂದೇ ಇದ್ದೂ ಒಂದು ತಂತ್ರಾಂಶ ಮಾತ್ರ ಮಸುಕಾಗಿದ್ದರೆ ಅದು ಹಳೆಯ ತಂತ್ರಾಂಶ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿರುವ ಪೇಜ್‌ಮೇಕರ್ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಕೇಲಿಂಗ್ ಅನ್ನುವುದೇ ಅದಕ್ಕೆ ಗೊತ್ತಿಲ್ಲ. 100ಕ್ಕಿಂತ ಹೆಚ್ಚು ಇಟ್ಟರೆ ವಿಂಡೋಸ್ ಅದರ ಚಿತ್ರವನ್ನು ಫೋಟೊ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. ಅದನ್ನು 100ರಲ್ಲಿರುವ ಮಾನಿಟರ್‌ನಲ್ಲೇ ಇಟ್ಟುಕೊಳ್ಳಿ. ಸ್ವಲ್ಪ ಹೊಸ ತಂತ್ರಾಂಶಗಳು ಲಾಗಿನ್ ಆದಾಗ ಮುಖ್ಯ ಪರದೆಯ ಸ್ಕೇಲಿಂಗ್ ಎಷ್ಟಿತ್ತೋ ಅದನ್ನೇ ಹಿಡಿದುಕೊಂಡಿರುತ್ತವೆ. ಅವು ಇರುವ ಮಾನಿಟರನ್ನೇ ಮುಖ್ಯ ಪರದೆ ಮಾಡಿ, ಒಮ್ಮೆ ಸೈನ್ ಔಟ್ ಆಗಿ ಬನ್ನಿ.

ಇಡೀ ಪರದೆಯೇ ಮಸುಕಾಗಿದ್ದರೆ ಎರಡು ನೋಡಿ. ರೆಸಲ್ಯೂಶನ್ ಪಕ್ಕದಲ್ಲಿ 'ರೆಕಮೆಂಡೆಡ್' ಎಂದಿರುವುದೇ ಆರಿಸಿದೆಯಾ? ವಿಜಿಎ ಕೇಬಲ್ ಆಗಿದ್ದರೆ ಮಾನಿಟರ್‌ನ 'ಆಟೋ' ಬಟನ್ ಒತ್ತಿ ನೋಡಿ. ಸುಧಾರಿಸುತ್ತದೆ, ಆದರೂ ಡಿಜಿಟಲ್ ಕೇಬಲ್‌ನಷ್ಟು ಚೂಪು ಬರುವುದಿಲ್ಲ.

ಮೌಸ್ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ

ವಿಂಡೋಸ್ ಪರದೆಗಳನ್ನು ಇಂಚಿನಲ್ಲಿ ಅಳೆಯುವುದಿಲ್ಲ, ಪಿಕ್ಸೆಲ್‌ನಲ್ಲಿ ಅಳೆಯುತ್ತದೆ. 2160 ಸಾಲಿನ 4ಕೆ ಪಕ್ಕದಲ್ಲಿ 1080 ಸಾಲಿನದು ಅದರ ಅರ್ಧ ಎತ್ತರ. ಉಳಿದರ್ಧದಲ್ಲಿ ದಾಟಲು ಪಕ್ಕದಲ್ಲಿ ಏನೂ ಇಲ್ಲ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2 ಎಂಬ ಚೌಕಗಳನ್ನು ಎಳೆದು ಮೇಜಿನ ಮೇಲೆ ಇರುವಂತೆ ಹೊಂದಿಸಿ. ವಿಂಡೋಸ್ 11ರಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ಕೆಳಗೆ ಮೌಸ್ ಸಲೀಸಾಗಿ ದಾಟಿಸುವ ಆಯ್ಕೆಯೂ ಇದೆ. ಮಾನಿಟರ್ ಆರಿದಾಗ ಕಿಟಕಿಗಳೆಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತವೆ ಎನ್ನುವವರು, ಕಿಟಕಿಗಳ ಜಾಗ ನೆನಪಿಡುವ ಆಯ್ಕೆಯನ್ನು ಅಲ್ಲೇ ಆನ್ ಮಾಡಿಕೊಳ್ಳಬಹುದು.

ಎರಡರ ಬಣ್ಣ ಬೇರೆ ಬೇರೆ

ಬಣ್ಣ ಮುಟ್ಟುವ ಮುಂಚೆ ಬೆಳಕು ಸರಿಮಾಡಿ. ಎರಡೂ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಜಾಸ್ತಿ ಬೆಳಗುವುದನ್ನು ಮಂಕಾದದ್ದರ ಮಟ್ಟಕ್ಕೆ ಇಳಿಸಿ. ಹಳೆಯದನ್ನು ಏರಿಸಲು ಹೋಗಬೇಡಿ, ಅದರ ದೀಪ ಸವೆದಿರುತ್ತದೆ. ಆಮೇಲೆ ನೈಟ್ ಲೈಟ್, ಮಾನಿಟರ್‌ನ ಕಣ್ಣಿನ ರಕ್ಷಣೆ ಮೋಡ್, ಒಂದೇ ಪರದೆಗೆ ಆನ್ ಆಗಿರುವ ಎಚ್‌ಡಿಆರ್, ಇವನ್ನೆಲ್ಲ ಆಫ್ ಮಾಡಿ. ಎರಡೂ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಅಥವಾ 6500 ಕೆಲ್ವಿನ್ ಇದ್ದರೆ ಅದಕ್ಕೆ ಹಾಕಿ. ಮುಕ್ಕಾಲು ಪಾಲು ಜಗಳ ಇಲ್ಲಿಗೆ ಮುಗಿಯುತ್ತದೆ.

ಕಪ್ಪು ಬಣ್ಣ ಬೂದಿಯಂತೆ ಕಾಣುತ್ತಿದ್ದರೆ ಅದು ಬೇರೆ ಕಥೆ. ಎಚ್‌ಡಿಎಂಐ ಮೂಲಕ ಹೋದ ಮಾನಿಟರನ್ನು ಕಂಪ್ಯೂಟರ್ ಟಿವಿ ಅಂದುಕೊಂಡು 0ಯಿಂದ 255ರ ಬದಲು 16ರಿಂದ 235ರ ಬಣ್ಣ ಕಳಿಸುತ್ತಿರುತ್ತದೆ. ಗ್ರಾಫಿಕ್ಸ್ ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ 'ಫುಲ್' ರೇಂಜ್, ಆರ್‌ಜಿಬಿ ಆರಿಸಿ. ನಿಜವಾಗಿಯೂ ಟಿವಿಯನ್ನೇ ಎರಡನೇ ಪರದೆ ಮಾಡಿಕೊಂಡಿದ್ದರೆ ಕೆಂಪು, ನೀಲಿ ಅಕ್ಷರಗಳ ಅಂಚು ಕದಡುತ್ತದೆ, ಪರದೆಯ ಅಂಚೂ ಕತ್ತರಿಸಿಹೋಗಬಹುದು. ಟಿವಿಯಲ್ಲಿ ಆ ಇನ್‌ಪುಟ್‌ಗೆ 'ಪಿಸಿ' ಎಂಬ ಹೆಸರು ಕೊಡುವುದು ಮತ್ತು 'ಜಸ್ಟ್ ಸ್ಕ್ಯಾನ್' ಥರದ ಆಯ್ಕೆ ಇದಕ್ಕೆ ಮದ್ದು.

ಒಂದು ಐಪಿಎಸ್, ಇನ್ನೊಂದು ಟಿಎನ್ ಅಥವಾ ವಿಎ ಪ್ಯಾನೆಲ್ (ಇವು ಪರದೆ ತಯಾರಿಸುವ ಬೇರೆ ಬೇರೆ ಬಗೆ) ಆಗಿದ್ದರೆ ಎಷ್ಟು ತಿರುಚಿದರೂ ಓರೆಯಿಂದ ನೋಡಿದಾಗ ವ್ಯತ್ಯಾಸ ಉಳಿಯುತ್ತದೆ. ಎರಡು ಪರದೆಯಲ್ಲಿ ಒಂದನ್ನಾದರೂ ನಾವು ಓರೆಯಾಗಿಯೇ ನೋಡುವುದು, ಅಲ್ವಾ? ಓರೆಯಿಂದ ನೋಡಿದಾಗ ಹೆಚ್ಚು ಬಣ್ಣಗೆಡುವುದು ಟಿಎನ್, ಅದು ಇದ್ದರೆ ಅದನ್ನು ನೇರ ಮುಂದೆ ಇಟ್ಟು, ಐಪಿಎಸ್ ಪಕ್ಕಕ್ಕೆ ಇಡಿ.

ಹೊಸದಾಗಿ ಜೋಡಿ ಮಾಡುವವರಿಗೆ

ಒಂದೇ ಮಾಡೆಲ್‌ನ ಎರಡು ಒಟ್ಟಿಗೆ ಕೊಂಡರೆ ಮೇಲಿನ ಅರ್ಧ ತಲೆನೋವು ಇರುವುದಿಲ್ಲ. ಆಗಲೇ ಒಂದಿದ್ದರೆ ಇಂಚಿಗಿಂತ ಮೊದಲು ಆ ಭಾಗಾಕಾರ ಮಾಡಿ. 24 ಇಂಚಿನ 1080ಪಿಗೆ ಜೊತೆಯಾಗಿ ದೊಡ್ಡದೇ ಬೇಕೆಂದರೆ 32 ಇಂಚಿನ 1440ಪಿ ಸರಿ, ಅದೂ 92. ಸೆಕೆಂಡ್ ಹ್ಯಾಂಡ್‌ನಲ್ಲಿ 24 ಇಂಚಿನ 1920×1200 ಸಿಕ್ಕರೆ ಬಿಡಬೇಡಿ. ಅದು 94, ಮೇಲಾಗಿ ಪುಟ ಓದಲು 120 ಸಾಲು ಹೆಚ್ಚು.

ಮೇಜು ಅಳೆದುಕೊಂಡು ಹೋಗಿ. ಎರಡು 27 ಇಂಚಿನವು ಸಾಲಾಗಿ ಸುಮಾರು 120 ಸೆಂಟಿಮೀಟರ್, ಅಂದರೆ ನಾಲ್ಕು ಅಡಿಯ ಮೇಜು ಪೂರ್ತಿ ಹೋಯಿತು. ಎರಡು 24 ಆದರೆ ಮೂರೂವರೆ ಅಡಿ. ಪುಟ ವಿನ್ಯಾಸ ಮಾಡುವವರು ಒಂದು 24 ಇಂಚಿನದನ್ನು ಎದ್ದು ನಿಲ್ಲಿಸಿ ನೋಡಿ. ಆಗ ಅದರ ಅಗಲ 29.9 ಸೆಂಟಿಮೀಟರ್. ಎ3 ಪೋಸ್ಟರಿನ ಅಗಲ 29.7, ಎತ್ತರ 42. ನಿಜ ಅಳತೆಯಲ್ಲೇ ಕೂರುತ್ತದೆ, ಮೇಲೆ ಟೂಲ್‌ಬಾರ್‌ಗೂ ಜಾಗ ಉಳಿಯುತ್ತದೆ. ಇದಕ್ಕೆ ಐಪಿಎಸ್ಸೇ ಬೇಕು.

ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್‌ಪಿ ರೋಡಿಗೆ ಹೋಗುವುದಾದರೆ ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಕೇಬಲ್ ತೆಗೆದುಕೊಂಡು ಹೋಗಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದರೆ ಪಾರ್ಕಿಂಗ್ ಗೋಳು ತಪ್ಪುತ್ತದೆ. "ಅಣ್ಣ, ಒಂದು ಸಲ ಆನ್ ಮಾಡಿ ತೋರಿಸಿ" ಎಂದರೆ ಯಾರೂ ಬೇಡ ಅನ್ನುವುದಿಲ್ಲ, ಅಂದರೆ ಪಕ್ಕದ ಅಂಗಡಿ ಇದೆ. ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಮೊಬೈಲಿನಲ್ಲೇ ಮಾಡಿ ಲ್ಯಾಪ್‌ಟಾಪ್‌ಗೆ ಹಾಕಿಕೊಂಡಿರಿ. ಸತ್ತ ಪಿಕ್ಸೆಲ್, ಮೂಲೆಯಲ್ಲಿ ಬೆಳಕು ಸೋರುವುದು ಅಲ್ಲೇ ಕಾಣುತ್ತದೆ. ಲ್ಯಾಪ್‌ಟಾಪ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು 60 ಹರ್ಟ್ಜ್ ಬರುತ್ತಿದೆಯಾ ನೋಡಿ. ಮನೆಗೆ ತರುವಾಗ ಡಬ್ಬ ನಿಂತೇ ಇರಲಿ, ಆಟೋ ಸೀಟಿನ ಮೇಲೆ ಮಲಗಿಸಬೇಡಿ.

ಸ್ಟ್ಯಾಂಡ್ ಬದಲು ಮೇಜಿಗೆ ಕಚ್ಚುವ ಆರ್ಮ್ ಹಾಕುವುದಾದರೆ ಹಿಂಭಾಗದಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇದೆಯಾ ನೋಡಿ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಆರ್ಮ್ ಬಿಗಿಯುವ ಮುಂಚೆ ಹಿಂಭಾಗದ ಸೀರಿಯಲ್ ನಂಬರ್ ಸ್ಟಿಕ್ಕರ್‌ನ ಫೋಟೊ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ. ವಾರಂಟಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದೇ ಅದನ್ನು, ಆರ್ಮ್‌ನ ಪ್ಲೇಟ್ ಹೋಗಿ ಕೂರುವುದು ಸಾಮಾನ್ಯವಾಗಿ ಆ ಸ್ಟಿಕ್ಕರ್ ಮೇಲೆಯೇ.